ಮೂಟೆಯ ತಳದ ಬೇಳೆ

ಧನಲಕ್ಷ್ಮಿ ಅನ್ನುವವರು ಅಟ್ಟೂರಿನಲ್ಲಿ ಯಾರಿದ್ದಾರೆ ಎಂದು ಮುನಿರಾಮಯ್ಯ ನಿಜಕ್ಕೂ ಯೋಚಿಸಿದ. ಅಂಗಡಿಯ ಮುಂದೆ ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ಟನ್ನು ಕನ್ನಡಿಗೆ ತಗುಲಿಹಾಕಿ, ಮೂಗಿನ ತುದಿಗೆ ಜಾರಿದ ಕನ್ನಡಕದೊಳಗಿಂದ ಫೋನು ನೋಡುತ್ತಿದ್ದ ನರೆಗಡ್ಡದ ಮನುಷ್ಯ ಎರಡನೆಯ ಸಲ ಕೇಳುತ್ತಿದ್ದ. "ಧನಲಕ್ಷ್ಮಿ ಮೇಡಂ ಮನೆ ಸಾರ್. ಮಾರಮ್ಮನ ಗುಡಿ ಹಿಂದೆ ಅಂತ ಐತೆ. ಮ್ಯಾಪು ಇಲ್ಲಿಗ್ ಬಂದು ನಿಂತ್ಬಿಡ್ತು." ಅವನ ಅಂಗಿಯ ಮೇಲೆ ಕಂಪನಿಯ ಹೆಸರಿನ ಕೆಳಗೆ ಜಾಫರ್ ಎಂದು ಬರೆದಿತ್ತು. ಹಿಂದಿನ ಸೀಟಿನಲ್ಲಿ ಚೌಕಾಕಾರದ ದೊಡ್ಡ ಚೀಲ. ಅಂಥ ಚೀಲ ಹೊತ್ತ ಗಾಡಿಗಳು ದಿನವಿಡೀ ತನ್ನ ಕಣ್ಣೆದುರೇ ಹಾದು ಲೇಔಟಿನ ಒಳಕ್ಕೆ ನುಗ್ಗುವುದನ್ನು ನೋಡಿ ನೋಡಿ ಮುನಿರಾಮಯ್ಯನಿಗೆ ಆ ಬಣ್ಣ ಕಂಡರೇ ಆಗುತ್ತಿರಲಿಲ್ಲ. ದಾರಿ ಕೇಳುವುದಕ್ಕೆ ಮಾತ್ರ ಇವರಿಗೆ ನನ್ನ ಅಂಗಡಿ ಬೇಕು. ಆದರೂ ಊರಿನ ಹಳಬನೆಂಬ ಜಂಬ ಅವನನ್ನು ಬಿಡಲಿಲ್ಲ. ಹಿಟ್ಟಿನ ಗಿರಣಿಯ ಧನಲಕ್ಷ್ಮಿ? ಅವಳು ಮಗಳ ಮನೆ ಸೇರಿ ಎಷ್ಟೋ ಕಾಲವಾಯಿತು. ಅಂಗನವಾಡಿಯ ಟೀಚರು? ಅವಳು ವಿಜಯಲಕ್ಷ್ಮಿ. ಹೊಸ ಬಿಲ್ಡಿಂಗಿನ ಬಾಡಿಗೆಯವರ ಹೆಸರುಗಳು ಅವನ ನಾಲಗೆಗೆ ಹತ್ತುವಂಥವಲ್ಲ. "ಹಸಿರು ಗೇಟು ಅಂತಾನೂ ಬರ್ದವ್ರೆ ಸಾರ್" ಎಂದ ಜಾಫರ್. ಹಸಿರು ಗೇಟು. ಅಂಗಡಿಯ ಷಟರಿಗೆ ಹೊಡೆದು ಮಿಕ್ಕಿದ ಬಣ್ಣವನ್ನು ಚೆಲ್ಲಬಾರದೆಂದು ಯುಗಾದಿಯ ಹಿಂದಿನ ದಿನ ಮುನಿರಾಮಯ್ಯನೇ ಬಳಿದಿದ್ದ ಗೇಟು. ಹೆಂಡತಿಯ ಹೆಸರು ಧನಲಕ್ಷ್ಮಿ ಎಂಬುದು ಅವನಿಗೆ ಗೊತ್ತಿದ್ದ ಸಂಗತಿಯೇ ಹೊರತು ಬಾಯಲ್ಲಿ ಆಡಿದ ಸಂಗತಿಯಾಗಿರಲಿಲ್ಲ. ಮನೆಯಲ್ಲಿ ಅವಳನ್ನು ಅವನು 'ಏ' ಎಂದು ಕರೆಯುತ್ತಿದ್ದ, ಬೇರೆಯವರ ಮುಂದೆ 'ನಮ್ಮನೇಲಿ' ಎನ್ನುತ್ತಿದ್ದ. ತಿಳಿದದ್ದು ಮನಸ್ಸಿಗೆ ಪೂರ್ತಿ ಇಳಿಯುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು.

"ಗೊತ್ತಿಲ್ಲಪ್ಪ."

"ಇಲ್ಲೇ ಎಲ್ಲೋ ಇರ್ಬೇಕು ಸಾರ್..."

"ಗೊತ್ತಿಲ್ಲ ಅಂದ್ನಲ್ಲ. ಅಂತೋರು ಯಾರೂ ಇಲ್ಲ ಈ ಕಡೆ."

ಜಾಫರ್ ಬೇಸರಪಟ್ಟುಕೊಳ್ಳಲಿಲ್ಲ. ಇಂಥವನ್ನು ದಿನವೂ ಕಂಡವನ ಹಾಗೆ ಫೋನನ್ನು ಒತ್ತಿ ಬಾಯಿಯ ಮುಂದೆ ಅಂಗೈಯಲ್ಲಿ ಹಿಡಿದುಕೊಂಡ. ಅತ್ತ ಕಡೆಯ ಗಂಟೆ ಅಂಗಡಿಯ ತುಂಬ ಕೇಳಿಸಿತು. ಆಮೇಲೆ ಅವಳ ದನಿ. "ಹಲೋ, ಹೇಳಿ" ಅಂದಳು. ಅಷ್ಟೆ. ಆದರೆ ಆ ಎರಡು ಮಾತಿನಲ್ಲಿ ಏನೋ ಇತ್ತು. ಸಿಟಿಯೊಳಗಿನ ಗಂಗಾನಗರದಲ್ಲಿ ಹುಟ್ಟಿ ಬೆಳೆದ ಹುಡುಗಿಯೊಬ್ಬಳ ಸಲೀಸು, ಯಾರಿಗೂ ಹೆದರಬೇಕಾಗಿಲ್ಲದವಳ ಮೃದುತನ. ಮದುವೆಯಾದ ಹೊಸದರಲ್ಲಿ ಅವಳು ತಂಗಿಯ ಜೊತೆ ಎಸ್‌ಟಿಡಿ ಬೂತಿನಲ್ಲಿ ಮಾತಾಡುವಾಗ ಗಾಜಿನಾಚೆ ನಿಂತು ಅವನು ಕೇಳಿದ್ದ ದನಿ ಅದು. "ಮೇಡಂ, ಇಲ್ಲಿ ಅಂಗಡಿ ಹತ್ರ ನಿಂತಿದೀನಿ. ಪ್ರಾವಿಷನ್ ಸ್ಟೋರು. ಅಂಗಡಿಯವ್ರಿಗೂ ಗೊತ್ತಿಲ್ವಂತೆ ನಿಮ್ ಮನೆ. ಅಂಥೋರು ಯಾರೂ ಇಲ್ಲ ಅಂತವ್ರೆ." ಮುನಿರಾಮಯ್ಯ ತಕ್ಕಡಿಯ ತಟ್ಟೆಯನ್ನು ಎಡಗೈಯಿಂದ ಹಿಡಿದುಕೊಂಡಿದ್ದ. ಅದು ಅಲುಗಾಡಿ ಸದ್ದು ಮಾಡಿದರೆ ಅವಳಿಗೆ ಕೇಳಿಸೀತು ಎಂಬಂತೆ. ಜಾಫರ್ "ಹಲೋ?" ಎಂದ. "ಹೂಂ, ಇದೀನಿ" ಅಂದಳು ಅವಳು. "ಅಂಗಡಿ ಮುಂದಿಂದ ಬರೋದು ಬೇಡ ಅಂತ ಬರ್ದಿದ್ನಲ್ಲ. ಇರ್ಲಿ. ಪಕ್ಕದ ಸಂದೀಲಿ ಬನ್ನಿ, ಗೇಟ್ ಹತ್ರ ನಿಂತ್ಕೊಂಡಿರ್ತೀನಿ." ಜಾಫರ್ ಮುನಿರಾಮಯ್ಯನ ಕಡೆ ತಿರುಗಿ, ಹೋಗಲಿ ಬಿಡಿ ಎನ್ನುವ ಹಾಗೆ ಒಂದು ಸಣ್ಣ ನಗೆ ನಕ್ಕು, "ಪಕ್ಕದಲ್ಲೇ ಅಂತೆ ಸಾರ್" ಎಂದು ಗಾಡಿ ತಿರುಗಿಸಿದ.

ಆ ನಗೆ ಅವನನ್ನು ಬಹಳ ಹೊತ್ತು ಬಿಡಲಿಲ್ಲ. ಪಕ್ಕದ ಮನೆ ಗೊತ್ತಿಲ್ಲದ ಅಂಗಡಿಯವನು ಎಂದುಕೊಂಡಿರಬೇಕು. ಎಂದುಕೊಳ್ಳಲಿ. ಈ ಮನೆಬಾಗಿಲಿನ ವ್ಯಾಪಾರದ ಬಗ್ಗೆ ಮುನಿರಾಮಯ್ಯನಿಗೆ ತನ್ನದೇ ಒಂದು ತೀರ್ಮಾನವಿತ್ತು, ಅದನ್ನು ಅವನು ಬಂದವರಿಗೆಲ್ಲ ಹೇಳುತ್ತಿದ್ದ: ಜನಕ್ಕೆ ಮೈಗಳ್ಳತನ, ಆಫರಿನ ಹುಚ್ಚು, ಬೆರಳಲ್ಲಿ ಒತ್ತಿದರೆ ಬಂದುಬಿಡಬೇಕೆಂಬ ಕೊಬ್ಬು. ಯಶವಂತಪುರದ ಸಗಟು ಮಾರುಕಟ್ಟೆಯ ಯಾರ್ಡಿನಲ್ಲಿ ತನ್ನಂಥವರೇ ಸೇರಿದಾಗ ಟೀ ಕುಡಿಯುತ್ತ ಇದನ್ನು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ಆದರೆ ಧನಲಕ್ಷ್ಮಿಗೆ ಮೈಗಳ್ಳತನವೆಂದು ಯಾರು ಹೇಳಿಯಾರು? ಅಂಗಡಿಗೂ ಮನೆಗೂ ನಡುವೆ ಒಂದು ಸಂದಿ, ಒಂದು ಗೇಟು. ಕೂಗಿದರೆ ಕೇಳಿಸುವಷ್ಟು ದೂರ. ಅವಳಿಗೆ ಆಫರೇ? ಅವಳ ಮನೆಗೆ ಹೋಗುವ ಸಾಮಾನಿಗೆ ಬೆಲೆಯೇ ಇಲ್ಲ. ಹಾಗಾದರೆ ಇದು ಹಗೆ. ಹೀಗೆ ಯೋಚನೆ ಬಂದಾಗ ಅವನಿಗೆ ಒಂದು ಥರ ಸಮಾಧಾನವೂ ಆಯಿತು. ಹಗೆಯಾದರೆ ತಪ್ಪು ಅವಳದು. ಯಾರೋ ಹೆಂಗಸು ಬಂದು ಉದ್ದಿನಬೇಳೆ ಕೇಳಿದಳು, ಅವನು ಕಡಲೆಬೇಳೆ ತೂಗಿ ಕೊಟ್ಟ. ಅವಳು ಹಿಂತಿರುಗಿಸಿದಾಗ ಅವನಿಗೇ ಸಿಟ್ಟು ಬಂತು. "ನೀವು ಸರಿಯಾಗಿ ಹೇಳ್ಬೇಕಮ್ಮ" ಎಂದ. ಹೆಂಗಸು ಚೀಲ ಮಡಿಸಿಕೊಂಡು ಹೊರಟುಹೋದಳು. ಸುಮ್ಮನೆ ಚೀಲ ಮಡಿಸಿಕೊಂಡು ಹೋಗುವುದು. ಚೈತ್ರ ಕೂಡ ಹಾಗೆಯೇ ಹೋಗಿದ್ದಳು ಎಂದು ಅವನಿಗೆ ನೆನಪಾಗಿ, ಯಾಕೆ ನೆನಪಾಯಿತೋ ಎಂದು ಕಿರಿಕಿರಿಯಾಯಿತು.

ಚೈತ್ರ ಹಿಂದಿನ ರಸ್ತೆಯ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ, ಬ್ಯಾಂಕಿನಲ್ಲಿ ಕೆಲಸ. ಗಂಡ ಹೆಂಡತಿ ಇಬ್ಬರೂ ಬಂದು ಸಾಮಾನು ಒಯ್ಯುತ್ತಿದ್ದರು. ಆಮೇಲೆ ಅವಳೊಬ್ಬಳೇ ಬರತೊಡಗಿದಳು. ಸಾಮಾನು ಕಮ್ಮಿಯಾಯಿತು. ಅಕ್ಕಿ ಕಮ್ಮಿಯಾಯಿತು, ಹಾಲು ಒಂದು ಪ್ಯಾಕೆಟ್ಟಿಗೆ ಇಳಿಯಿತು. ಅಂಗಡಿಯವನ ಕಣ್ಣಿಗೆ ಇಂಥದು ಬೀಳದೆ ಇರುತ್ತದೆಯೇ? ಒಂದು ಸಂಜೆ, ಕಟ್ಟೆಯ ಮೇಲೆ ನಾಕು ಜನ ಕೂತಿದ್ದಾಗ, ಅವನು ಪ್ರೀತಿಯಿಂದಲೇ ಕೇಳಿದ್ದ: "ಏನಮ್ಮ, ಒಬ್ರಿಗೇನಾ ಅಡಿಗೆ? ಯಜಮಾನ್ರು ಕಾಣಾಕೇ ಇಲ್ವಲ್ಲ?" ಹುಡುಗಿಯ ಕಿವಿ ಕೆಂಪಾದದ್ದನ್ನು ಅವನು ನೋಡಿದ್ದ. ನೋಡಿಯೂ, "ಊರಿಗ್ ಹೋಗವ್ರಾ?" ಎಂದು ಇನ್ನೊಂದು ಪ್ರಶ್ನೆ ಹಾಕಿದ್ದ. ಅವಳು ಚೀಲ ಮಡಿಸಿಕೊಂಡು ಹೊರಟಳು. ಮರುವಾರದಿಂದ ಅವಳ ಮನೆಯ ಮುಂದೆ ಚೌಕಾಕಾರದ ಚೀಲದ ಗಾಡಿ ನಿಲ್ಲತೊಡಗಿತು. ಆಫರಿನ ಹುಚ್ಚು ಎಂದಿದ್ದ ಅವನು. ಈಗ ತಟ್ಟೆಯಲ್ಲಿ ಉಳಿದ ಕಡಲೆಬೇಳೆಯನ್ನು ಡಬ್ಬಕ್ಕೆ ಸುರಿಯುತ್ತ, ಕೇಳಿದ್ದು ತಪ್ಪೇ, ಮನುಷ್ಯರನ್ನು ಮನುಷ್ಯರು ವಿಚಾರಿಸುವುದು ತಪ್ಪೇ ಎಂದು ಯಾರೋ ಎದುರಿಗೆ ನಿಂತು ವಾದಿಸುತ್ತಿದ್ದ ಹಾಗೆ ಮನಸ್ಸಿನಲ್ಲೇ ಜಗಳವಾಡಿದ. ಫೋನು ಏನೂ ವಿಚಾರಿಸುವುದಿಲ್ಲ. ಒಂದು ಮೊಟ್ಟೆ ತರಿಸಿದರೂ ಯಾಕೆ ಒಂದೇ ಎಂದು ಕೇಳುವುದಿಲ್ಲ. ಅದೇನು ದೊಡ್ಡ ಗುಣವೇ? ಗುಣವಲ್ಲ, ಗುಣವಲ್ಲ ಎಂದು ಅವನು ಗಟ್ಟಿಯಾಗಿಯೇ ಅಂದಿರಬೇಕು. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ.

ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅವನು ಷಟರನ್ನು ಅರ್ಧ ಎಳೆದು ಸಂದಿಗೆ ಇಳಿದ. ಮೇಲೆ ವಾಯುನೆಲೆಯ ವಿಮಾನವೊಂದು ಆಕಾಶವನ್ನು ಹರಿದುಕೊಂಡು ಹೋಯಿತು. ಆ ಸದ್ದಿನಲ್ಲಿ ಗೇಟು ಕಿರುಗುಟ್ಟಿದ್ದು ಅವಳಿಗೆ ಕೇಳಿಸಲಿಲ್ಲ. ಅಡಿಗೆಮನೆಯ ಕಿಟಕಿಯಿಂದ ಅವನು ಅವಳನ್ನು ನೋಡಿದ. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಏನನ್ನಾದರೂ ಬಚ್ಚಿಡುತ್ತಿರುತ್ತಾಳೆ ಎಂದುಕೊಂಡಿದ್ದ. ಆ ಚೌಕ ಚೀಲದಲ್ಲಿ ಬಂದದ್ದು ಏನಿರಬಹುದು ಎಂದು ದಾರಿಯಲ್ಲೇ ಊಹಿಸಿದ್ದ: ಮುಖಕ್ಕೆ ಹಚ್ಚುವುದು, ಚಾಕಲೇಟು, ಅಂಗಡಿಯಲ್ಲಿ ಇಲ್ಲದ ಏನೋ ಶೋಕಿ. ಅವಳು ಒಂದು ಪೊಟ್ಟಣವನ್ನು ಕತ್ತರಿಸಿ ದೊಡ್ಡ ತಟ್ಟೆಗೆ ಸುರಿಯುತ್ತಿದ್ದಳು. ತೊಗರಿಬೇಳೆ. ಬರೀ ತೊಗರಿಬೇಳೆ. ಅವಳು ಅದರ ಮೇಲೆ ಅಂಗೈ ಆಡಿಸಿದಳು, ಬೆರಳುಗಳನ್ನು ಒಳಕ್ಕೆ ಬಿಟ್ಟು ಮೇಲೆತ್ತಿದಳು, ಬೆರಳ ಸಂದಿಯಿಂದ ಬೇಳೆ ಜಾರುವುದನ್ನು ನೋಡಿದಳು. ಹುಡುಕುತ್ತಿರಲಿಲ್ಲ, ಆರಿಸುತ್ತಿರಲಿಲ್ಲ. ಸುಮ್ಮನೆ ಮುಟ್ಟುತ್ತಿದ್ದಳು. ಅವನ ಅಂಗಡಿಯಲ್ಲಿ ತೊಗರಿಬೇಳೆ ಮೂಟೆಗಟ್ಟಲೆ ಬಿದ್ದಿತ್ತು. ಅವಮಾನ ಒಮ್ಮೆಲೇ ತಲೆಗೇರಿತು. ಶೋಕಿಯ ಸಾಮಾನಾಗಿದ್ದರೆ ಅವನು ಕ್ಷಮಿಸಬಹುದಿತ್ತು.

"ಬೇಳೇನಾ?" ಎಂದ ಬಾಗಿಲಲ್ಲಿ ನಿಂತು. "ತೊಗರಿಬೇಳೆ ತರ್ಸ್ಕೊಂಡಿದೀಯಾ? ನಾನ್ ಏನ್ ಮಾರ್ತಾ ಕುಂತಿದೀನಿ ಅಲ್ಲಿ?"

ಅವಳು ತಿರುಗಿ ನೋಡಿದಳು. ಬೆಚ್ಚಲಿಲ್ಲ. "ಬಂದ್ರಾ" ಎಂದಳು. ತಟ್ಟೆಯಿಂದ ಕೈ ತೆಗೆಯಲಿಲ್ಲ.

"ಕೇಳಿದ್ದಕ್ಕೆ ಹೇಳು. ಊರೋರ್ ನೋಡುದ್ರೆ ಏನಂತಾರೆ? ಅಂಗಡಿ ಮುನಿರಾಮಯ್ಯನ ಎಂಡ್ತಿ ಆನ್‌ಲೈನಲ್ಲಿ ಬೇಳೆ ತರಿಸ್ತಾಳಂತೆ ಅಂತ ನಗಾಕಿಲ್ವಾ?"

"ನೋಡ್ಬಾರ್ದು ಅಂತಾನೇ ಹಿಂದಿಂದ ಬಾ ಅಂತಿದ್ದೆ. ಇವನು ಹೊಸಬ." ಅವಳು ತಟ್ಟೆಯ ಬೇಳೆಯನ್ನು ಸಮ ಮಾಡುತ್ತ, "ನಿಮ್ಗೆ ನಮ್ಮನೆ ಗೊತ್ತಿಲ್ಲ ಅಂದ್ರಂತೆ" ಎಂದಳು.

ಅವನು ಕುರ್ಚಿ ಎಳೆದು ಕೂತ. ಕೂತಮೇಲೆ ತಾನು ಹೊತ್ತು ಬಂದ ಸಿಟ್ಟು ನಿಂತು ಆಡುವಂಥದಾಗಿತ್ತು, ಕೂತು ಅದನ್ನು ಕಳೆದುಕೊಂಡೆ ಎನ್ನಿಸಿ ಮತ್ತೆ ಏಳಬೇಕೆನ್ನಿಸಿತು, ಏಳಲಿಲ್ಲ. "ಕೇಳಿದ್ರೆ ನಾನ್ ಕೊಡಾಕಿಲ್ಲ ಅಂತಿದ್ನಾ?" ಎಂದ, ದನಿ ತಗ್ಗಿತ್ತು.

"ಕೇಳ್ಬೇಕಲ್ಲ" ಅಂದಳು.

ಅವಳು ಅಷ್ಟೇ ಹೇಳಿ ಬಿಟ್ಟಳು ಎಂದುಕೊಂಡ. ಕುಕ್ಕರಿಗೆ ಬೇಳೆ ಹಾಕಿ ತೊಳೆದಳು, ನೀರು ಬಗ್ಗಿಸಿದಳು, ಇನ್ನೊಮ್ಮೆ ತೊಳೆದಳು. ಆಮೇಲೆ ಅವನಿಗೆ ಬೆನ್ನು ಮಾಡಿಕೊಂಡೇ, ಯಾವುದೋ ಬೇರೆ ಮನೆಯ ಸಂಗತಿ ಹೇಳುವಂತೆ ಹೇಳಿದಳು. "ಈ ಮನೆಗೆ ಬಂದಾಗಿಂದ ಮೂಟೆ ತಳದ್ದೇ ಬೇಳೆ. ಮುಗ್ಗಲು ಹಿಡಿದ್ ರವೆ. ಡೇಟ್ ಮುಗ್ದಿರೋ ಬಿಸ್ಕತ್ತು. ಒಡೆದಿರೋ ಗೋಡಂಬಿ. ಗಿರಾಕಿ ಬೇಡ ಅಂದಿದ್ದೆಲ್ಲ ಒಳಗ್ ಬರುತ್ತೆ. ಹುಳ ಆರಿಸಿ ಆರಿಸಿ ನಂಗೆ ಬೇಳೆ ಬಣ್ಣ ಏನು ಅಂತಾನೇ ಮರ್ತೋಗಿತ್ತು ಕಣ್ರೀ. ಆ ವರ್ಷ ಯುಗಾದಿಗೆ ಮಾಲಾ ಬಂದಿದ್ಲಲ್ಲ." ಮಾಲಾ ಅವಳ ತಂಗಿ. "ಒಬ್ಬಟ್ಟು ಮಾಡಿದ್ದೆ. ಅವಳು ಒಂದ್ ತುತ್ತು ತಿಂದು, ಅಕ್ಕ ಹೊಟ್ಟೆ ತುಂಬ್ತು ಅಂತ ತಟ್ಟೆ ಕೆಳಗಿಟ್ಲು. ಕಡಲೆಬೇಳೆ ವಾಸನೆ ಬಂದಿತ್ತು. ನಂಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ದೊಡ್ಡ ಅಂಗಡಿ ಅಕ್ಕ ನಿಂದು ಅಂತ ಅಂತಾನೇ ಇದ್ಲು ಬೇರೆ."

ಮುನಿರಾಮಯ್ಯನಿಗೆ ಆ ಯುಗಾದಿ ನೆನಪಿತ್ತು. ಬೇರೆ ಥರ ನೆನಪಿತ್ತು. ಬಾಡಿಗೆಮನೆಯವರೆಲ್ಲ ಊರಿಗೆ ಹೋಗಿ ವ್ಯಾಪಾರ ಕುಸಿದಿದ್ದ ವರ್ಷ. ಮಿಕ್ಕಿದ ಕಡಲೆಬೇಳೆ ಕಸಕ್ಕೆ ಹೋಗದೆ ಹಬ್ಬಕ್ಕೆ ಒದಗಿತಲ್ಲ ಎಂದು ಅವನು ಒಳಗೊಳಗೇ ಬೀಗಿದ್ದ. ನಾದಿನಿಗೆ ಎರಡು ಒಬ್ಬಟ್ಟು ಕಟ್ಟಿಕೊಡು ಎಂದೂ ಹೇಳಿದ್ದ. ವ್ಯಾಪಾರದವನ ಮನೆ ಹೀಗೇ ಇರಬೇಕು ಎಂದು ಅವನಪ್ಪ ಹೇಳಿಕೊಟ್ಟಿರಲಿಲ್ಲ. ಅವನಪ್ಪ ಹೊಲದವನು, ಗಟ್ಟಿ ಕಾಳನ್ನೇ ಮನೆಗೆ ಇಟ್ಟುಕೊಂಡು ಮಿಕ್ಕಿದ್ದನ್ನು ಮಂಡಿಗೆ ಹಾಕುತ್ತಿದ್ದ. ಇದು ಅವನಿಗೆ ಈಗ ಮೊದಲ ಸಲ ಹೊಳೆಯಿತು. ಹೊಳೆದದ್ದು ಇಷ್ಟವಾಗಲಿಲ್ಲ. "ನಾನೂ ಅದನ್ನೇ ತಿಂದಿಲ್ವಾ?" ಎಂದ. "ನಿಂಗೊಂದು ನಂಗೊಂದು ಅಂತ ಮಾಡಿದ್ನಾ?"

"ಇಲ್ಲ" ಎಂದಳು ಅವಳು. "ನೀವೂ ಅದನ್ನೇ ತಿಂದ್ರಿ. ನಿಮ್ಗೆ ತಿಳೀಲಿಲ್ಲ, ಅಷ್ಟೆ. ಆರಿಸಿದ್ದು ನಾನಲ್ವಾ."

ಊಟ ಬೇಡ ಎಂದು ಎದ್ದು ಹೋಗುವುದೆಂದು ಅವನು ನಿಶ್ಚಯಿಸಿದ್ದ. ಕುಕ್ಕರು ಕೂಗಿತು, ಒಗ್ಗರಣೆಯ ಇಂಗು ಮೂಗಿಗೆ ಹೊಡೆಯಿತು, ತಟ್ಟೆ ಮುಂದೆ ಬಂತು. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದಾಗ ಬೇಳೆ ನಾಲಗೆಯ ಮೇಲೆ ಬೆಣ್ಣೆಯಂತೆ ಕರಗಿತು. ಇಂಥ ಬೇಳೆ ಯಾವ ಮಿಲ್ಲಿನದು ಎಂದು ಅಂಗಡಿಯವನ ಮನಸ್ಸು ಕೇಳಿತು. ತನ್ನ ಅಂಗಡಿಯಲ್ಲಿ ಮೂಟೆ ಬಿಚ್ಚಿದ ಮೊದಲ ದಿನ ಲೇಔಟಿನವರಿಗೆ ಕೊಡುವ ಬೇಳೆಯೂ ಇಂಥದೇ ಎಂದು ಅದೇ ಮನಸ್ಸು ಹೇಳಿತು. ಸಾರು ಚೆನ್ನಾಗಿದೆ ಎನ್ನಬೇಕೆಂದುಕೊಂಡ. ಅದು ಆ ಕಂಪನಿಯನ್ನು ಹೊಗಳಿದ ಹಾಗಾಗುತ್ತದೆ ಎನ್ನಿಸಿ, ತಟ್ಟೆಯನ್ನು ಮುಂದೆ ತಳ್ಳಿ ಇನ್ನೊಂದು ಸೌಟು ಹಾಕಿಸಿಕೊಂಡ. ಅವಳು ಹಾಕಿದಳು. ಅವಳ ಮುಖದಲ್ಲಿ ಗೆದ್ದವಳ ಖುಷಿ ಕಾಣುತ್ತದೇನೋ ಎಂದು ಹುಡುಕಿದ, ಇರಲಿಲ್ಲ. ಅದಿದ್ದರೆ ಜಗಳವಾದರೂ ಆಡಬಹುದಿತ್ತು. ಕೈ ತೊಳೆಯುವಾಗ, ನಲ್ಲಿಯ ಸದ್ದಿನ ಮರೆಯಲ್ಲಿ, ಅವನು ಅಂದ: "ಸಂಜೆ ಅಂಗಡಿಗ್ ಬಾ. ಒಳಗ್ ಬಾ. ಏನ್ ಬೇಕೋ ನೀನೇ ಆರ್ಸ್ಕೊ. ನಾನ್ ತುಟಿ ಬಿಚ್ಚಾಕಿಲ್ಲ." ಅವಳು ಅವನನ್ನೇ ನೋಡಿದಳು. "ನಿಜವಾಗ್ಲೂ?" ಎಂದಳು. ಆ 'ನಿಜವಾಗ್ಲೂ' ಎಷ್ಟು ಎಳೆಯದಾಗಿತ್ತೆಂದರೆ ಅವನಿಗೆ ತನ್ನ ಮೇಲೆಯೇ ಜುಗುಪ್ಸೆಯಾಯಿತು.

ಮಧ್ಯಾಹ್ನವೆಲ್ಲ ಅವನು ಅಂಗಡಿಯನ್ನು ಒರೆಸಿದ. ಸಾಬೂನಿನ ಸಾಲು, ಪುಡಿಗಳ ಸಾಲು, ಮೇಲಿನ ಅಟ್ಟ. ಹಳೆಯ ಪೊಟ್ಟಣಗಳನ್ನು ಹಿಂದಕ್ಕೆ ಸರಿಸಿ ಹೊಸದನ್ನು ಮುಂದಕ್ಕೆ ತಂದ. ಎಂದೂ ಮಾಡದ ಕೆಲಸ, ಎಲ್ಲ ಅಂಗಡಿಯವರೂ ಮಾಡುವುದು ಇದರ ತಿರುವುಮುರುವು. ಮಾಡುತ್ತ ಮಾಡುತ್ತ ಯಾವುದೋ ಸಂಬಂಧ ನೋಡಲು ಬರುವವರಿಗೆ ಮನೆ ಅಣಿಮಾಡಿದಂಥ ಗಡಿಬಿಡಿ ಮೈಯಲ್ಲಿ ಸೇರಿಕೊಂಡಿತು. ಜೊತೆಗೇ ಒಂದು ಹೊಟ್ಟೆಯುರಿ: ಇಷ್ಟನ್ನೂ ಅವಳಿಗಾಗಿ ಮಾಡುತ್ತಿದ್ದೇನೆ, ಆ ಫೋನು ಏನು ಮಾಡಿದೆ? ಅದಕ್ಕೆ ಬೆವರಿದೆಯೇ? ಬೆನ್ನುನೋವಿದೆಯೇ? ಲಾಕ್‌ಡೌನಿನಲ್ಲಿ ಇಡೀ ಲೇಔಟಿಗೆ ಹಿಂದಿನ ಬಾಗಿಲಿನಿಂದ ಹಾಲು ಕೊಟ್ಟವನು ನಾನು. ಪೊಲೀಸರ ಲಾಠಿ ಕಂಡವನು ನಾನು. ಆಗ ಎಲ್ಲರೂ ಅಣ್ಣಾ ಎಂದರು. ಅವರು ತನಗೆ ಕೃತಜ್ಞರಾಗಿರಲಿಲ್ಲ, ಬರೀ ಹಸಿದಿದ್ದರು ಎಂದು ಈಗ ಅನ್ನಿಸಿ ಕೈಯಲ್ಲಿದ್ದ ಬಟ್ಟೆಯನ್ನು ಮೂಲೆಗೆ ಎಸೆದ. ಮತ್ತೆ ಹೋಗಿ ಎತ್ತಿಕೊಂಡ.

ಅವಳು ದೀಪ ಹಚ್ಚುವ ಹೊತ್ತಿಗೆ ಬಂದಳು. ಸೀರೆ ಬದಲಾಯಿಸಿದ್ದಳು. ಅವನು ಗಲ್ಲಾದ ಪಕ್ಕದ ಹಲಗೆಯನ್ನು ಎತ್ತಿ ಹಿಡಿದ. ಅವಳು ತಲೆ ಬಗ್ಗಿಸಿ ಒಳಗೆ ಬಂದಳು. ಮದುವೆಯಾದ ಮೇಲೆ ಈ ಹಲಗೆ ದಾಟಿ ಅವಳು ಒಳಗೆ ಬಂದದ್ದು ಆಯುಧಪೂಜೆಗೆ ಮಾತ್ರ. ಮುನಿರಾಮಯ್ಯ ಹೇಳಿದ ಮಾತಿನಂತೆ ಅವಳಿಗೆ ಬೆನ್ನು ಮಾಡಿ ರಸ್ತೆಯನ್ನು ನೋಡುತ್ತ ನಿಂತ. ಬೆನ್ನೇ ಕಿವಿಯಾಯಿತು. ಡಬ್ಬದ ಮುಚ್ಚಳ ತೆಗೆದದ್ದು, ಮುಚ್ಚಿದ್ದು. ಪ್ಲಾಸ್ಟಿಕ್ಕಿನ ಸರಬರ. ಅವಳು ಏನನ್ನೋ ಮೂಸಿದಳು. ಇಷ್ಟು ಹೊತ್ತು ಏನು ನೋಡುತ್ತಾಳೆ, ತೆಗೆದುಕೊಳ್ಳುವವರು ಹೀಗೆ ನೋಡುತ್ತಾರೆಯೇ ಎಂದು ಗಂಟಲಿನವರೆಗೆ ಬಂದದ್ದನ್ನು ನುಂಗಿದ. ಅಷ್ಟರಲ್ಲಿ ಸೊಣ್ಣಮ್ಮ ಬಂದಳು. ಹಳೇ ಅಟ್ಟೂರಿನ ದೊಡ್ಡ ಮನೆಯವಳು, ಜಮೀನು ಸೈಟಾಗಿ ಸೈಟು ಬಿಲ್ಡಿಂಗಾದ ಮೇಲೂ ಬೇರೆ ಅಂಗಡಿಯ ಮೆಟ್ಟಿಲು ಹತ್ತದ ಗಿರಾಕಿ. ಕಟ್ಟೆಯ ಮೇಲೆ ಕೂತು, ಮೊಣಕಾಲು ನೀವಿಕೊಳ್ಳುತ್ತ ಒಳಗೆ ಇಣುಕಿದಳು.

"ಇದ್ಯಾರು, ಧನಲಕ್ಷ್ಮೀನಾ? ಏನಮ್ಮಿ, ನೀನೂ ಯಾಪಾರಕ್ ನಿಂತ್ಕಂಡ್ಬಿಟ್ಯಾ?"

"ಇಲ್ಲ ಸೊಣ್ಣಮ್ಮಕ್ಕ" ಎಂದು ಅವಳು ನಕ್ಕಳು. "ನಾನು ಗಿರಾಕಿ ಇವತ್ತು."

ಆ ನಗು ಕೇಳಿ ಮುನಿರಾಮಯ್ಯ ತಿರುಗಿದ. ತಿರುಗಬಾರದಿತ್ತು. ಅವಳ ಕೈಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಪೊಟ್ಟಣವಿತ್ತು. ಒಳ್ಳೆಯದು, ಗಾಢ ಕೆಂಪಿನದು, ಸುಕ್ಕು ಸುಕ್ಕಾಗಿ ಹೊಳೆಯುವಂಥದು. ಅವಳು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ತಾನು ತಂದ ಚೀಲಕ್ಕೆ ಇಳಿಸುತ್ತಿದ್ದಳು.

"ಏ, ಅದು ಸೊಣ್ಣಮ್ಮಂಗೆ ಎತ್ತಿಟ್ಟಿದ್ದು" ಎಂದ ಮುನಿರಾಮಯ್ಯ. "ಮನೆಗೆ ಆ ಕೆಳಗಿನ್ ಡಬ್ಬದ್ದು ತಗೊ. ಅದೂ ಚೆನ್ನಾಗೇ ಐತೆ."

ಮಾತು ಹೊರಬಿದ್ದ ಮೇಲೆಯೇ ಅವನಿಗೆ ಅದು ಕೇಳಿಸಿತು. ಅದನ್ನು ಅವನು ಯೋಚಿಸಿ ಆಡಿರಲಿಲ್ಲ. ಉಸಿರಿನ ಹಾಗೆ ಬಂದುಬಿಟ್ಟಿತ್ತು. ಬೇಕೆಂದೇ ಆಡಿದ್ದರೆ ವಾಪಸು ತೆಗೆದುಕೊಳ್ಳಬಹುದಿತ್ತೇನೋ. ಕೆಳಗಿನ ಡಬ್ಬದಲ್ಲಿ ಇದ್ದದ್ದು ಹೋದ ವರ್ಷದ್ದು, ತೊಟ್ಟು ಉದುರಿ ಬೀಜ ಚೆಲ್ಲಿದ್ದು. ಅದು ಮೂವರಿಗೂ ಕಾಣುತ್ತಿತ್ತು. ಸೊಣ್ಣಮ್ಮ, "ಅಯ್ಯೋ, ತಗೊಳ್ಳಮ್ಮಿ ನೀನು, ನಂಗೇನ್ ಈಗ್ಲೇ ಬೇಕಾಗಿಲ್ಲ" ಎಂದಳು, ಮುಖ ಬೇರೆ ಕಡೆ ಮಾಡಿ. ಧನಲಕ್ಷ್ಮಿ ಪೊಟ್ಟಣವನ್ನು ಚೀಲದಿಂದ ತೆಗೆದು, ಎಲ್ಲಿತ್ತೋ ಅಲ್ಲೇ, ಮೊದಲಿದ್ದ ಹಾಗೇ ಓರಣವಾಗಿ ಇಟ್ಟಳು. "ಇರ್ಲಿ ಅಕ್ಕ, ನಿಮ್ದು ಅದು" ಎಂದಳು. ಆಮೇಲೆ ಚೀಲದಲ್ಲಿದ್ದ ಬೇರೆಯವನ್ನೂ, ಒಂದು ಸಾಬೂನು, ಒಂದು ಅವಲಕ್ಕಿಯ ಪೊಟ್ಟಣ, ಒಂದೊಂದಾಗಿ ಅವುಗಳ ಜಾಗಕ್ಕೆ ಹಿಂದಿರುಗಿಸಿದಳು. ಸಿಟ್ಟಿನಿಂದಲ್ಲ. ಚೀಲ ಮಡಿಸಿದಳು. ಹಲಗೆಯನ್ನು ತಾನೇ ಎತ್ತಿಕೊಂಡು ಹೊರಗೆ ಹೋದಳು.

ಕರೆಯಬೇಕು. ಕರೆಯಲು ಬಾಯಿ ತೆರೆದ. ಏ ಎಂದರೆ ಅದೇ ಹಳೆಯ ಏ. ಈಗಷ್ಟೇ ಆಡಿದ ಏ. ಹೆಸರು ಹಿಡಿದು ಕೂಗೋಣವೆಂದರೆ ಸೊಣ್ಣಮ್ಮ ಕೂತಿದ್ದಾಳೆ, ರಸ್ತೆಯಲ್ಲಿ ಜನವಿದ್ದಾರೆ, ಅದೂ ಅಲ್ಲದೆ ಆ ಹೆಸರು ತನ್ನ ಬಾಯಿಯಿಂದ ಹೇಗೆ ಹೊರಡುತ್ತದೆಂದು ಅವನಿಗೆ ತಿಳಿಯದು. ಅವಳು ಸಂದಿಯಲ್ಲಿ ಮರೆಯಾದಳು. "ನೀನೊಬ್ಬ" ಎಂದಳು ಸೊಣ್ಣಮ್ಮ. ಮೆಣಸಿನಕಾಯಿಯನ್ನು ಅವಳೂ ಒಯ್ಯಲಿಲ್ಲ. ಬಂದದ್ದೇಕೆಂದು ಮರೆತವಳಂತೆ ಸೊಂಟ ಹಿಡಿದುಕೊಂಡು ಎದ್ದು ಹೋದಳು.

ಅವನು ಆ ದಿನ ಅಂಗಡಿಯನ್ನು ಬೇಗ ಮುಚ್ಚಿದ. ಮೆಣಸಿನಕಾಯಿಯ ಪೊಟ್ಟಣವನ್ನು ಕಂಕುಳಲ್ಲಿ ಇರುಕಿಕೊಂಡು ನಡೆಯುವಾಗ, ಕದ್ದ ಮಾಲಿನ ಹಾಗೆ ಅದು ಪಕ್ಕೆಗೆ ಒತ್ತುತ್ತಿತ್ತು. ಇದನ್ನು ಕೊಟ್ಟರೆ ಸರಿಹೋಗುತ್ತದೆ ಎಂದು ನಂಬುವಷ್ಟು ಮೂರ್ಖ ಅವನಲ್ಲ. ಕೊಡದೆ ಇರುವಷ್ಟು ಧೈರ್ಯವೂ ಇಲ್ಲ. ಅವಳು ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು, ಮಡಿಲಲ್ಲಿ ಫೋನು. ಅವನು ಪೊಟ್ಟಣವನ್ನು ಚಾಚಿದ. "ಅಲ್ಲಿಡಿ" ಎಂದಳು, ತಲೆಯೆತ್ತದೆ. ಪಕ್ಕದಲ್ಲಿ ಇಟ್ಟು, ಒಂದು ಮೆಟ್ಟಿಲು ಕೆಳಗೆ ಅವನೂ ಕೂತ. ಅವಳು ಫೋನನ್ನು ಮರೆಮಾಡಲಿಲ್ಲ. ಅದರ ಬೆಳಕಿನಲ್ಲಿ ಅವಳ ಮುಖ ಅವನಿಗೆ ಪೂರ್ತಿ ಕಾಣುತ್ತಿತ್ತು. ಹೆಬ್ಬೆರಳು ನಿಧಾನವಾಗಿ ಮೇಲೆ ಸರಿಯುತ್ತಿತ್ತು. ಒಂದು ಕಡೆ ನಿಂತಿತು, ಹಿಂದಕ್ಕೆ ಬಂತು. ಅವಲಕ್ಕಿಯನ್ನು ಆರ್ಡರಿಗೆ ಹಾಕಿದಳು. ತೆಗೆದಳು. ದಪ್ಪ ಅವಲಕ್ಕಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು, ತೆಳುವಿನದಕ್ಕೆ ಹೋದಳು, ಮತ್ತೆ ದಪ್ಪದ್ದನ್ನೇ ಹಾಕಿದಳು. ತುಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದುಕೊಂಡಿದ್ದಳು. ಮನಸ್ಸು ಬದಲಾಯಿಸಿದರೆ ಗದರುವವರು ಆ ಗಾಜಿನೊಳಗೆ ಯಾರೂ ಇರಲಿಲ್ಲ. ಇಷ್ಟು ಕಾಲ ತನ್ನ ಜೊತೆ ಬಾಳಿದ ಹೆಂಗಸಿನ ಮುಖ ಏನನ್ನಾದರೂ ಆರಿಸಿಕೊಳ್ಳುವಾಗ ಹೇಗಿರುತ್ತದೆಂದು ಅವನು ನೋಡಿಯೇ ಇರಲಿಲ್ಲ. ಹೇಳಬೇಕಾದದ್ದು ಬೇರೆಯೇ ಇತ್ತು. ಅದರ ಬದಲು, "ರೇಟು ಜಾಸ್ತಿ ಹಾಕವ್ನೆ ಅವಲಕ್ಕೀಗೆ" ಎಂದು ಬಾಯಿ ಹೇಳಿತು.

"ಇರ್ಲಿ" ಎಂದಳು. ಆಮೇಲೆ, ಮನೆಗೆ ಬಂದವರನ್ನು ಕೇಳುವ ಸೌಜನ್ಯದಲ್ಲಿ, "ನಿಮ್ಗೇನಾದ್ರೂ ಬೇಕಾ?" ಎಂದು ಕೇಳಿದಳು.

ದಿನವಿಡೀ ಬೇರೆಯವರಿಗೆ ತಾನು ಕೇಳುವ ಪ್ರಶ್ನೆ ಅದು. ತನ್ನನ್ನು ಯಾರಾದರೂ ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಮನಸ್ಸು ಅಭ್ಯಾಸಬಲದಿಂದ ಅಂಗಡಿಯ ಸಾಲುಗಳ ಮುಂದೆ ನಡೆಯಿತು. ಯಾವುದು ಮಿಕ್ಕಿದೆ, ಯಾವುದು ಹೋಗುತ್ತಿಲ್ಲ, ಯಾವುದನ್ನು ಈ ವಾರದೊಳಗೆ ಮುಗಿಸಬೇಕು. ಬೇಕು ಎಂಬುದು ಅಲ್ಲಿ ಎಲ್ಲೂ ಸಿಗಲಿಲ್ಲ. "ಏನೂ ಬೇಡ" ಎಂದ. ಅವಳು ತಲೆಯಾಡಿಸಿ ಬೆರಳು ಒತ್ತಿದಳು. ಫೋನು ಸಣ್ಣದಾಗಿ ಟಿಂಗೆಂದಿತು. ಆ ಸದ್ದಿನ ಹಿಂದೆಯೇ, ಎಲ್ಲಿಂದಲೋ, ಅಪ್ಪನ ಹೊಲದ ಬದುವಿನಲ್ಲಿ, ಈಗ ಫ್ಲ್ಯಾಟುಗಳಿರುವ ಜಾಗದಲ್ಲಿ, ಇದ್ದ ಸೀಬೆಮರ ನೆನಪಾಗಿ ಅವನ ಬಾಯಲ್ಲಿ ನೀರೂರಿತು.

"ಸೀಬೇಕಾಯಿ ಸಿಕ್ತದಾ ಅದ್ರಲ್ಲಿ?"

"ಅಯ್ಯೋ. ಆರ್ಡರ್ ಆಗೋಯ್ತಲ್ರೀ."

"ಓಗ್ಲಿ ಬಿಡು."

"ನಾಳೆ ಹಾಕ್ತೀನಿ" ಎಂದಳು ಧನಲಕ್ಷ್ಮಿ. ಫೋನನ್ನು ಮಗುಚಿ ಮಡಿಲಲ್ಲಿಟ್ಟುಕೊಂಡು, ಅವನು ಬಂದು ಕೂತಮೇಲೆ ಮೊದಲ ಸಲ ಅವನ ಕಡೆ ತಿರುಗಿದಳು. "ಹಣ್ಣಾಗಿರೋದಾ, ದೋರೆಗಾಯಾ?"

ತನಗೆ ಬೇಕಾದದ್ದು ಯಾವುದೆಂದು ಮುನಿರಾಮಯ್ಯನಿಗೆ ತಕ್ಷಣ ಹೊಳೆಯಲಿಲ್ಲ. ಅವಳು ಕಾದಳು.